ಮಾದರಿ ಉಗಿ ಎಂಜಿನ್ನಿನ ವಾಲ್ವ್ ಟೈಮಿಂಗ್: ಚರಿತ್ರೆ

ಮಾದರಿ ಉಗಿ ಎಂಜಿನ್ನಿನ ವಾಲ್ವ್ ಟೈಮಿಂಗ್: ಪಿಸ್ಟನ್ ಎಲ್ಲಿರುವಾಗ ಸಿಲಿಂಡರಿಗೆ ಉಗಿ ನುಗ್ಗಬೇಕು, ಎಲ್ಲಿಗೆ ಬಂದಾಗ ನಿಲ್ಲಬೇಕು, ಯಾವಾಗ ಹೊರಬೀಳಬೇಕು ಎಂಬುದನ್ನು ಹೊಂದಿಸಿ ಕೂರಿಸುವ ಕೆಲಸ. ಅಂಗೈ ಮೇಲೆ ನಿಲ್ಲುವ ಎಂಜಿನ್ನಿಗೂ ರೈಲು ಎಳೆಯುವ ಎಂಜಿನ್ನಿಗೂ ತತ್ತ್ವ ಒಂದೇ. ಇದರ ಚರಿತ್ರೆ ಬರೆದವರಲ್ಲಿ ಹಲವರು ಎರಡು ಸಂಗತಿಗಳನ್ನು ಬೆರೆಸಿದ್ದಾರೆ. ವಾಲ್ವನ್ನು ಆಡಿಸುವ ಸಲಕರಣೆಯನ್ನು ಯಾರು ಕಲ್ಪಿಸಿದರು ಎಂಬುದು ಒಂದು. ಅದನ್ನು ಸರಿಯಾಗಿ ಹೊಂದಿಸುವುದನ್ನು ಜನ ಹೇಗೆ ಕಲಿತರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಪೇಟೆಂಟುಗಳಿವೆ, ಹೆಸರುಗಳಿವೆ, ವಿವಾದಗಳಿವೆ. ಎರಡನೆಯದು ಬಹುಕಾಲ ಫಿಟ್ಟರುಗಳ ಕೈಯಲ್ಲೇ ಉಳಿಯಿತು. ಅದು ಸಾಮಾನ್ಯ ಓದುಗನ ಕೈಗೆ ಬಂದದ್ದರಲ್ಲಿ ಮಾದರಿ ಎಂಜಿನ್ ಕಟ್ಟುವವರ ಪಾಲು ದೊಡ್ಡದು.

ಕೆಲವು ಪದಗಳನ್ನು ಮೊದಲೇ ತಿಳಿಸಬೇಕು. ಉಗಿಪೆಟ್ಟಿಗೆಯೊಳಗೆ ಮುಚ್ಚಳದಂಥ ಸ್ಲೈಡ್ ವಾಲ್ವ್ ಹಿಂದೆಮುಂದೆ ಜಾರುತ್ತ, ಸಿಲಿಂಡರಿನ ಎರಡು ತುದಿಗೆ ಹೋಗುವ ಪೋರ್ಟುಗಳನ್ನು ಸರದಿಯ ಮೇಲೆ ತೆರೆಯುತ್ತದೆ, ಮುಚ್ಚುತ್ತದೆ. ವಾಲ್ವ್ ಸರಿಯಾಗಿ ಮಧ್ಯದಲ್ಲಿ ನಿಂತಾಗ ಅದರ ಅಂಚು ಪೋರ್ಟಿನ ಅಂಚನ್ನು ದಾಟಿ ಎಷ್ಟು ಚಾಚಿಕೊಂಡಿದೆಯೋ ಅದು ಲ್ಯಾಪ್. ಪಿಸ್ಟನ್ ತುದಿ ಮುಟ್ಟಿದ ಕ್ಷಣದಲ್ಲಿ, ಅಂದರೆ ಡೆಡ್ ಸೆಂಟರಿನಲ್ಲಿ, ಪೋರ್ಟ್ ಎಷ್ಟು ತೆರೆದಿದೆಯೋ ಅದು ಲೀಡ್. ಪಿಸ್ಟನ್ ಓಟದ ಯಾವ ಹಂತದಲ್ಲಿ ಉಗಿ ನಿಲ್ಲುತ್ತದೆಯೋ ಅದು ಕಟ್-ಆಫ್.

ತಾನಾಗಿ ತೆರೆದು ಮುಚ್ಚುವ ವಾಲ್ವಿನ ಕಥೆ ಸಾಮಾನ್ಯವಾಗಿ ಹಂಫ್ರಿ ಪಾಟರ್ ಎಂಬ ಹುಡುಗನಿಂದ ಶುರುವಾಗುತ್ತದೆ. ನ್ಯೂಕೊಮೆನ್ ಎಂಜಿನ್ನಿನ ವಾಲ್ವುಗಳನ್ನು ಕೈಯಿಂದ ತಿರುಗಿಸುವ ಕೆಲಸಕ್ಕಿದ್ದ ಈತ ಆಟಕ್ಕೆ ಹೋಗುವ ಆಸೆಯಿಂದ ಹಗ್ಗ ಕಟ್ಟಿ ಎಂಜಿನ್ನಿನ ತೊಲೆಯೇ ಅವನ್ನು ಎಳೆಯುವಂತೆ ಮಾಡಿದನಂತೆ. ಪಾಟರನ ಹೆಸರು ಅಚ್ಚಾಗಿ ಸಿಗುವುದು ಡೆಸಾಗುಲಿಯರ್ಸ್ 1744ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ. ಡಡ್ಲಿ ಕೋಟೆಯ ಬಳಿಯ ನ್ಯೂಕೊಮೆನ್ ಎಂಜಿನ್ ಓಡಿದ್ದು 1712ರಲ್ಲಿ. ನಡುವೆ 32 ವರ್ಷಗಳ ಅಂತರವಿದೆ. ಥಾಮಸ್ ಬಾರ್ನಿ 1719ರಲ್ಲಿ ಕೊರೆದ ಅದೇ ಡಡ್ಲಿ ಎಂಜಿನ್ನಿನ ಚಿತ್ರದಲ್ಲಿ ತೊಲೆಗೆ ನೇತುಬಿದ್ದ ಕೋಲೊಂದು ವಾಲ್ವುಗಳನ್ನು ಆಡಿಸುತ್ತಿರುವುದು ಕಾಣುತ್ತದೆ. ಆದರೆ ಆ ಚಿತ್ರವೂ ಏಳು ವರ್ಷ ತಡವಾದದ್ದು. ಮೊದಲ ದಿನವೇ ಆ ಕೋಲು ಇತ್ತೆಂದು ಅದರಿಂದ ಸಾಧಿಸಲಾಗದು. ಬಾಯ್ಲರಿನ ಉಗಿ ಬಲಗೊಂಡಾಗ ಮೇಲೇಳುವ ತೇಲುಗುಂಡೊಂದು ಕೆಲವು ಎಂಜಿನ್ನುಗಳಲ್ಲಿ ಇತ್ತು. ಇಂಗ್ಲಿಷಿನಲ್ಲಿ ತೇಲುಗುಂಡಿಗೂ ಹುಡುಗನಿಗೂ ಇರುವ ಪದಗಳು ಕಿವಿಗೆ ಹತ್ತಿರವಾದ್ದರಿಂದ ಕಥೆ ಹುಟ್ಟಿತೆಂಬ ಊಹೆಯೂ ಇದೆ. ಪಾಟರ್ ಮನೆತನದ ಹಿರಿಯರು ಎಂಜಿನ್ ಕಟ್ಟುವವರಾಗಿದ್ದರು ಎಂಬುದಂತೂ ನಿಜ. ಹೆನ್ರಿ ಬೈಟನ್ 1718ರಲ್ಲಿ ಹಗ್ಗ-ಕೊಕ್ಕೆಗಳ ಬದಲು ಗಟ್ಟಿಯಾದ ಸನ್ನೆಗಳನ್ನು ಜೋಡಿಸಿದ ಎಂಬಲ್ಲಿಂದ ಮುಂದಕ್ಕೆ ದಾಖಲೆ ಭದ್ರವಾಗಿದೆ.

ಜೇಮ್ಸ್ ವಾಟ್‌ನ ಕೆಲಸ ಎಲ್ಲರಿಗೂ ಗೊತ್ತಿರುವುದೇ. ಇಲ್ಲಿ ಎರಡೇ ಮಾತು ಸಾಕು. ಉಗಿಯನ್ನು ಅರ್ಧದಲ್ಲೇ ನಿಲ್ಲಿಸಿ, ಉಳಿದ ಓಟವನ್ನು ಅದು ಹಿಗ್ಗುವ ಬಲದಿಂದಲೇ ಮಾಡಿಸುವ ವಿಧಾನಕ್ಕೆ ಆತ 1782ರಲ್ಲಿ ಪೇಟೆಂಟ್ ಪಡೆದ. ಅದಕ್ಕೂ ಮುಂಚೆ, 1763-64ರಲ್ಲಿ, ಗ್ಲಾಸ್ಗೊ ವಿಶ್ವವಿದ್ಯಾಲಯದ ನ್ಯೂಕೊಮೆನ್ ಮಾದರಿಯನ್ನು ರಿಪೇರಿ ಮಾಡುವಾಗ ಆತನಿಗೆ ತಿಳಿದ ಸಂಗತಿ ಈ ಲೇಖನಕ್ಕೆ ಹೆಚ್ಚು ಮುಖ್ಯ. ಎರಡು ಇಂಚು ಅಗಲ, ಆರು ಇಂಚು ಓಟದ ಆ ಪುಟ್ಟ ಸಿಲಿಂಡರು ದೊಡ್ಡದಕ್ಕಿಂತ ಬಹಳ ಹೆಚ್ಚು ಉಗಿಯನ್ನು ಗೋಡೆಗೇ ಕಳೆದುಕೊಳ್ಳುತ್ತಿತ್ತು. ಗಾತ್ರ ಕುಗ್ಗಿದಷ್ಟೂ ಒಳಗಿನ ಉಗಿಗೆ ಹೋಲಿಸಿದರೆ ಗೋಡೆಯ ಹರವು ಹೆಚ್ಚು. ಮಾದರಿಗಳಲ್ಲಿ ಉಗಿಯನ್ನು ಬೇಗ ನಿಲ್ಲಿಸಿ ಲಾಭವಿದೆಯೇ ಎಂಬ ಮುಂದಿನ ವಾದಕ್ಕೆಲ್ಲ ಇದೇ ಬೇರು. ವಿಲಿಯಂ ಮರ್ಡಾಕ್‌ನ 1799ರ ಉದ್ದ ಸ್ಲೈಡ್ ವಾಲ್ವ್, ಮ್ಯಾಥ್ಯೂ ಮರ್ರೆಯ 1802ರ ಗಿಡ್ಡ ಸ್ಲೈಡ್ ವಾಲ್ವ್ ಬಂದ ಮೇಲೆ ಸಲಕರಣೆ ಇಂದಿನ ರೂಪಕ್ಕೆ ಹತ್ತಿರವಾಯಿತು.

ಈ ಲೇಖನದ ದೃಷ್ಟಿಯಲ್ಲಿ ನಿಜವಾದ ತಿರುವು ಲ್ಯಾಪ್. ಮೊದಲ ರೈಲು ಎಂಜಿನ್ನುಗಳಲ್ಲಿ ಲ್ಯಾಪ್ ಇಲ್ಲವೆನ್ನುವಷ್ಟು ಕಡಿಮೆ. ಲ್ಯಾಪ್, ಲೀಡ್ ಎರಡೂ ಇಲ್ಲದಿದ್ದರೆ ಎಕ್ಸೆಂಟ್ರಿಕ್ಕನ್ನು, ಅಂದರೆ ವಾಲ್ವನ್ನು ಆಡಿಸಲು ಶಾಫ್ಟಿನ ಮೇಲೆ ಕೇಂದ್ರ ತಪ್ಪಿಸಿ ಕೂರಿಸಿದ ಬಿಲ್ಲೆಯನ್ನು, ಕ್ರ್ಯಾಂಕಿಗೆ ಸರಿಯಾಗಿ 90 ಡಿಗ್ರಿಯಲ್ಲಿ ಕೂರಿಸಬೇಕು; ಪಿಸ್ಟನ್ ತುದಿ ಮುಟ್ಟುವವರೆಗೂ ಉಗಿ ಒಳಗೆ ಬರುತ್ತಲೇ ಇರುತ್ತದೆ, ಹಿಗ್ಗಲು ಅವಕಾಶವೇ ಸಿಗದು. 1840ರ ಸುಮಾರಿಗೆ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲ್ವೆಯಲ್ಲಿ ಲ್ಯಾಪ್ ಹೆಚ್ಚಿಸಿದಾಗ ಕೋಕ್ ಖರ್ಚು ಎದ್ದುಕಾಣುವಷ್ಟು ಇಳಿಯಿತು. ಹೊಸ ಯಂತ್ರಭಾಗ ಬೇಕಿರಲಿಲ್ಲ. ವಾಲ್ವಿನ ಅಂಚು ಉದ್ದವಾಗಬೇಕಿತ್ತು, ಎಕ್ಸೆಂಟ್ರಿಕ್ ಅದಕ್ಕೆ ತಕ್ಕಂತೆ ಮುಂದಕ್ಕೆ ತಿರುಗಬೇಕಿತ್ತು. ಕಣ್ಣಿಗೆ ಬೀಳುವ ಸಲಕರಣೆಯಲ್ಲದ ಕಾರಣ ಜನಪ್ರಿಯ ಚರಿತ್ರೆಗಳು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ.

ಆ ಚರಿತ್ರೆಗಳು ನಿಲ್ಲುವುದು 1842ರ ಲಿಂಕಿನ ಹತ್ತಿರ. ಎಂಜಿನ್ನನ್ನು ಮುಂದಕ್ಕೂ ಹಿಂದಕ್ಕೂ ಓಡಿಸಲು ಎರಡು ಎಕ್ಸೆಂಟ್ರಿಕ್‌ಗಳ ರಾಡುಗಳನ್ನು ಬಾಗಿದ ಸೀಳುಪಟ್ಟಿಯೊಂದಕ್ಕೆ ಸೇರಿಸುವ ಈ ಉಪಾಯ ನ್ಯೂಕ್ಯಾಸಲ್‌ನ ರಾಬರ್ಟ್ ಸ್ಟೀಫನ್‌ಸನ್ ಕಾರ್ಖಾನೆಯಲ್ಲಿ ರೂಪುಗೊಂಡು ಮಾಲೀಕನ ಹೆಸರು ಪಡೆಯಿತು. ಅದರ ಕರ್ತೃತ್ವಕ್ಕೆ ಇಬ್ಬರು ಹಕ್ಕುದಾರರು. ಡ್ರಾಯಿಂಗ್ ಕಚೇರಿಯ ವಿಲಿಯಂ ವಿಲಿಯಮ್ಸ್ ಮೊದಲ ನಕ್ಷೆ ಹಾಕಿದ. ಅಚ್ಚುಮರ ಕೆತ್ತುವ ವಿಲಿಯಂ ಹೋವ್ ಅದು ನಿಜಕ್ಕೂ ಆಡುವಂತೆ ತಿದ್ದಿ, ಮರದ ಮಾದರಿ ಮಾಡಿ ತೋರಿಸಿದ. ನ್ಯೂಯಾರ್ಕಿನ ವಿಲಿಯಂ ಜೇಮ್ಸ್ 1830ರ ದಶಕದಲ್ಲೇ ಇಂಥದ್ದೊಂದನ್ನು ಮಾಡಿದ್ದ. ವಿಲಿಯಮ್ಸನ ಕಲ್ಪನೆ, ಹೋವನ ಕೆಲಸ ಎಂದು ಪಾಲುಮಾಡುವುದು ಲಭ್ಯ ಸಾಕ್ಷ್ಯಕ್ಕೆ ಹೆಚ್ಚು ಒಪ್ಪುತ್ತದೆ. ಲಿಂಕನ್ನು ನಡುವೆ ನಿಲ್ಲಿಸಿದರೆ ಕಟ್-ಆಫ್ ಬೇಗ ಆಗುತ್ತದೆಂಬ ದೊಡ್ಡ ಲಾಭ ಅರಿವಾದದ್ದು ಆಮೇಲೆ.

ಬೆಲ್ಜಿಯಮಿನ ಎಜಿಡ್ ವಾಲ್ಶಾರ್ಟ್ಸ್ ರೂಪಿಸಿದ ವಾಲ್ವ್ ಗೇರಿನ, ಅಂದರೆ ವಾಲ್ವನ್ನು ಆಡಿಸುವ ಸನ್ನೆಗಳ ಜೋಡಣೆಯ, ಗೊಂದಲ ಬೇರೆ ಬಗೆಯದು. ಬ್ರಸೆಲ್ಸ್ ರೈಲ್ವೆ ಕಾರ್ಯಾಗಾರದಲ್ಲಿ ಫೋರ್ಮನ್ ಆಗಿದ್ದ ಆತ ತನ್ನ ಹೆಸರಿನಲ್ಲಿ ಪೇಟೆಂಟ್ ಪಡೆಯುವಂತಿರಲಿಲ್ಲ. 1844ರಲ್ಲಿ ಅದನ್ನು ಫಿಶರ್ ಎಂಬ ಎಂಜಿನಿಯರನ ಹೆಸರಿನಲ್ಲಿ ಸಲ್ಲಿಸಲಾಯಿತು. 1849ರಲ್ಲಿ ಜರ್ಮನಿಯ ಹೊಯ್ಸಿಂಗರ್ ಸ್ವತಂತ್ರವಾಗಿ ಇದೇ ಬಗೆಯದನ್ನು ಮಾಡಿದ್ದರಿಂದ ಜರ್ಮನ್ ಪುಸ್ತಕಗಳಲ್ಲಿ ಇಂದಿಗೂ ಆತನ ಹೆಸರೇ ನಡೆಯುತ್ತದೆ. ಭಾರತದ ಮೀಟರ್ ಗೇಜಿನ ವೈಪಿ ಎಂಜಿನ್ನುಗಳ ಗಾಲಿಗಳ ಹೊರಗೆ ಮೇಲೆಕೆಳಗೆ ಆಡುತ್ತಿದ್ದ ಸನ್ನೆಗಳನ್ನು ನೋಡಿದವರು ನೋಡಿದ್ದು ಈ ವಾಲ್ಶಾರ್ಟ್ಸ್ ಗೇರನ್ನೇ. ಇದರಲ್ಲಿ ಕಟ್-ಆಫ್ ಎಷ್ಟೇ ಬದಲಿಸಿದರೂ ಲೀಡ್ ಬದಲಾಗದು. ಸ್ಟೀಫನ್‌ಸನ್ ಲಿಂಕಿನಲ್ಲಿ ಬದಲಾಗುತ್ತದೆ. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕಿದ ಕೈಪಿಡಿಗಳು ಓದುಗರನ್ನು ದಾರಿ ತಪ್ಪಿಸಿವೆ. 1858ರಲ್ಲಿ ಗುಸ್ಟಾವ್ ಝಾಯ್ನರ್ ವೃತ್ತಗಳ ನಕ್ಷೆಯಿಂದ ಇದೆಲ್ಲವನ್ನೂ ಲೆಕ್ಕಕ್ಕೆ ತಂದ.

ಹವ್ಯಾಸಿಗಳ ಯುಗಕ್ಕೆ 1898ನ್ನು ಆರಂಭವೆನ್ನಬಹುದು. ಲಂಡನ್ನಿನಲ್ಲಿ ಪರ್ಸಿವಲ್ ಮಾರ್ಷಲ್ ‘ಮಾಡೆಲ್ ಎಂಜಿನಿಯರ್’ ಪತ್ರಿಕೆ ಶುರುಮಾಡಿದ. ಸ್ಟುವರ್ಟ್ ಟರ್ನರ್ ಎರಕದ ಬಿಡಿಭಾಗಗಳನ್ನು ಮಾರತೊಡಗಿದ ಮೇಲೆ ಮನೆಯ ಲೇತಿನಲ್ಲೇ ಎಂಜಿನ್ ಕಟ್ಟುವುದು ಸಾಧ್ಯವಾಯಿತು. ಆಟಿಕೆ ಎಂಜಿನ್ನುಗಳಲ್ಲಿ ಟೈಮಿಂಗ್ ಎಂಬ ಪ್ರಶ್ನೆಯೇ ಬರುತ್ತಿರಲಿಲ್ಲ. ತೂಗಾಡುವ ಸಿಲಿಂಡರೇ ವಾಲ್ವ್. ತೂತು ಕೊರೆದ ಜಾಗವೇ ಟೈಮಿಂಗ್. ಸ್ಲೈಡ್ ವಾಲ್ವ್ ಇದ್ದ ಸಣ್ಣ ಎಂಜಿನ್ನಿಗೂ ಹೆಚ್ಚು ಲ್ಯಾಪ್ ಬೇಡ, ಉಗಿ ಹೇಗೂ ಗೋಡೆಗೆ ತಣಿಯುತ್ತದೆ ಎಂಬ ಅಭಿಪ್ರಾಯ ಬೇರೂರಿತ್ತು.

ಆ ಅಭಿಪ್ರಾಯವನ್ನು ಅಲುಗಿಸಿದವನು ‘ಎಲ್‌ಬಿಎಸ್‌ಸಿ’ ಎಂಬ ಅಂಕಿತದಲ್ಲಿ ಬರೆಯುತ್ತಿದ್ದ ಲೇಖಕ. ತಾನು ಹಿಂದೆ ದುಡಿದ ರೈಲ್ವೆಯ ಹೆಸರಿನ ಮೊದಲಕ್ಷರಗಳನ್ನೇ ಅಂಕಿತ ಮಾಡಿಕೊಂಡಿದ್ದ. 1922-24ರಲ್ಲಿ ಪತ್ರಿಕೆಯ ಪುಟಗಳಲ್ಲಿ ಮಾದರಿ ಎಂಜಿನ್ ವಿನ್ಯಾಸಕ ಹೆನ್ರಿ ಗ್ರೀನ್ಲಿಗೂ ಆತನಿಗೂ ನಡೆದ ವಾಗ್ವಾದ ‘ಬಾಯ್ಲರ್ ಕದನ’ ಎಂದೇ ಹೆಸರಾಗಿದೆ. ಎರಡೂವರೆ ಇಂಚು ಹಳಿಯ ಮೇಲೆ ಕಲ್ಲಿದ್ದಲು ಉರಿಸುತ್ತ ಮನುಷ್ಯನನ್ನೇ ಎಳೆದ ‘ಆಯೆಷಾ’ ಎಂಬ ಎಂಜಿನ್ ಎಲ್‌ಬಿಎಸ್‌ಸಿಯ ಸಾಕ್ಷಿ. ಹೆಸರಿಗೆ ಕಟ್ಟುಬಿದ್ದ ಚರಿತ್ರೆಗಳು ಬಾಯ್ಲರನ್ನಷ್ಟೇ ನೋಡಿವೆ. ಆದರೆ ಮುಂದೆ 1967ರಲ್ಲಿ ಸಾಯುವ ತನಕ ಆತ ಬರೆದ ಪಾಠಗಳಲ್ಲಿ ವಾಲ್ವಿನ ಪಾಲು ಕಡಿಮೆಯೇನಲ್ಲ: ದೊಡ್ಡ ಎಂಜಿನ್ನಿನಂತೆ ತಕ್ಕ ಲ್ಯಾಪ್ ಕೊಡು, ಉಗಿಯನ್ನು ಕಾಯಿಸಿ ಒಣಗಿಸು, ಕಟ್-ಆಫನ್ನು ಹಿಂದಕ್ಕೆ ತಾ ಎಂಬುದು ಅವುಗಳ ಸಾರ. ಒಣಗಿದ ಬಿಸಿ ಉಗಿ ಗೋಡೆಗೆ ಬೇಗ ನೀರಾಗದು. ವಾಟ್ ಕಂಡ ತೊಂದರೆಗೆ ಉತ್ತರ ಅಲ್ಲಿತ್ತು. ದೊಡ್ಡ ರೈಲ್ವೆಗಳೂ ಲ್ಯಾಪಿನ ಪಾಠವನ್ನು ಅದೇ ದಶಕದಲ್ಲಿ ಮತ್ತೊಮ್ಮೆ ಕಲಿಯಬೇಕಾಯಿತು. 1925ರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆಯ ಎಂಜಿನ್ನಿನ ಎದುರು ಸೋತ, ಎಂಜಿನಿಯರ್ ಗ್ರೆಸ್ಲಿ ರೂಪಿಸಿದ ಪೆಸಿಫಿಕ್ ಎಂಜಿನ್ನುಗಳಲ್ಲಿ ಒಂದಕ್ಕೆ 1927ರಲ್ಲಿ ಲ್ಯಾಪ್, ವಾಲ್ವಿನ ಓಟ ಎರಡನ್ನೂ ಹೆಚ್ಚಿಸಿದಾಗ ಮೈಲಿಗೆ ಸುಮಾರು 50 ಪೌಂಡ್ ಇದ್ದ ಕಲ್ಲಿದ್ದಲು 39ಕ್ಕೆ ಇಳಿಯಿತು.

ಮಾದರಿ ತಯಾರಕರ ಬರಹದಲ್ಲಿ ನೆಲೆನಿಂತ ವಿಧಾನ ಹೀಗಿದೆ. ಮೊದಲು ಡೆಡ್ ಸೆಂಟರನ್ನು ಹುಡುಕಬೇಕು. ತುದಿಯ ಹತ್ತಿರ ಪಿಸ್ಟನ್ ನಿಧಾನವಾಗುವುದರಿಂದ ಕಣ್ಣಂದಾಜು ಮೋಸ ಮಾಡುತ್ತದೆ. ಆದ್ದರಿಂದ ತುದಿಗೆ ಸ್ವಲ್ಪ ಮೊದಲು, ಪಿಸ್ಟನ್ ರಾಡಿನ ಕೊನೆಯಲ್ಲಿರುವ ಕ್ರಾಸ್‌ಹೆಡ್ಡಿನ ಮೇಲೊಂದು ಗೆರೆ ಎಳೆದು, ಆಚೆ ಈಚೆ ಎರಡೂ ಬದಿಯಲ್ಲಿ ಅದು ಅದೇ ಜಾಗಕ್ಕೆ ಬಂದಾಗ ಫ್ಲೈವೀಲಿನ ಮೇಲೆ ಗುರುತು ಹಾಕಿ, ಎರಡು ಗುರುತುಗಳ ನಡುವನ್ನು ಹಿಡಿಯುತ್ತಾರೆ. ಆಮೇಲೆ ಉಗಿಪೆಟ್ಟಿಗೆಯ ಮುಚ್ಚಳ ತೆಗೆದು ಎರಡು ತುದಿಯ ಲೀಡನ್ನು ತೆಳು ಕಾಗದದ ಪಟ್ಟಿಯಿಂದ ಅಳೆಯುತ್ತಾರೆ. ಒಂದು ತುದಿಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇದ್ದರೆ ತಪ್ಪು ವಾಲ್ವ್ ರಾಡಿನ ಉದ್ದದ್ದು. ನಟ್ಟು ತಿರುಗಿಸಿ ವಾಲ್ವನ್ನು ಸರಿಸಬೇಕು. ಎರಡು ತುದಿಯಲ್ಲೂ ಒಂದೇ ಸಮನೆ ಹೆಚ್ಚು ಅಥವಾ ಕಡಿಮೆ ಇದ್ದರೆ ತಪ್ಪು ಎಕ್ಸೆಂಟ್ರಿಕ್ಕಿನದು. ಅದನ್ನು ಶಾಫ್ಟಿನ ಮೇಲೆ ತಿರುಗಿಸಬೇಕು. ಹೊಸಬರ ಬಹುಪಾಲು ತೊಂದರೆ ಒಂದರ ರೋಗಕ್ಕೆ ಇನ್ನೊಂದರ ಮದ್ದು ಹಾಕುವುದರಿಂದ ಬರುತ್ತದೆ. ಒಳಗೆ ಕಾಣದ ಪಿಸ್ಟನ್ ವಾಲ್ವಾದರೆ ಗಾಳಿ ಊದಿ, ಅದು ಹಾಯತೊಡಗುವ ಕ್ಷಣ ನೋಡುತ್ತಾರೆ.

ಒಂದು ಲೆಕ್ಕ ನೋಡಬಹುದು. ಲ್ಯಾಪ್ 1.6 ಮಿ.ಮೀ., ವಾಲ್ವಿನ ಒಟ್ಟು ಓಟ 6.4 ಮಿ.ಮೀ., ಲೀಡ್ 0.1 ಮಿ.ಮೀ. ಇದ್ದರೆ ಎಕ್ಸೆಂಟ್ರಿಕ್ ಕ್ರ್ಯಾಂಕಿಗಿಂತ ಸುಮಾರು 122 ಡಿಗ್ರಿ ಮುಂದಿರಬೇಕು. ಆಗ ಕಟ್-ಆಫ್ ಶೇಕಡ 73ರ ಸುಮಾರು. ಆದರೆ ಕನೆಕ್ಟಿಂಗ್ ರಾಡ್ ಓರೆಯಾಗುವುದರಿಂದ ಎರಡು ತುದಿಗೂ ಇದು ಒಂದೇ ಆಗದು: ರಾಡ್ ಕ್ರ್ಯಾಂಕಿನ ಐದು ಪಟ್ಟು ಉದ್ದವಿದ್ದರೆ ಹೊರತುದಿಯಿಂದ ಹೊರಡುವ ಓಟದಲ್ಲಿ 77, ಕ್ರ್ಯಾಂಕಿನ ಕಡೆಯಿಂದ ಹೊರಡುವಾಗ 69. ಒಂದೇ ಎಕ್ಸೆಂಟ್ರಿಕ್ಕಿನ ಎಂಜಿನ್ನಿನಲ್ಲಿ ಲೀಡ್ ಸಮ ಮಾಡಿದರೆ ಕಟ್-ಆಫ್ ಏರುಪೇರಾಗುತ್ತದೆ, ಕಟ್-ಆಫ್ ಸಮ ಮಾಡಿದರೆ ಲೀಡ್. ಯಾವುದನ್ನು ಉಳಿಸಿಕೊಳ್ಳಬೇಕೆಂಬ ವಾದ ಇನ್ನೂ ಮುಗಿದಿಲ್ಲ. ಡೆಡ್ ಸೆಂಟರಿನಲ್ಲಿ ಅಳೆಯುವುದು ಸುಲಭವೆಂದು ಕೈಪಿಡಿಗಳು ಲೀಡಿನ ಪರ ನಿಂತಂತೆ ಕಾಣುತ್ತದೆ. ಎಂಜಿನ್ನಿನ ಉಸಿರು ಎರಡೂ ಬದಿಗೆ ಸಮನಾಗಿ ಕೇಳಿಸಬೇಕೆನ್ನುವವರು ಕಟ್-ಆಫಿನ ಪರ.

ಗಣಕಯಂತ್ರ ಬಂದ ಮೇಲೆ ಚಾರ್ಲ್ಸ್ ಡಾಕ್‌ಸ್ಟೇಡರ್‌ನ ಚಲಿಸುವ ಚಿತ್ರಗಳ ಪ್ರೋಗ್ರಾಂಗಳು, ಡಾನ್ ಆ್ಯಶ್‌ಟನ್‌ನ ಲೆಕ್ಕಗಳು ಹಳೆಯ ನಕ್ಷೆಗಳನ್ನೇ ಮರುಪರೀಕ್ಷೆಗೆ ಒಡ್ಡಿವೆ. ಆದರೆ ಆದರ್ಶ ಗೇರನ್ನು ತೋರಿಸುವ ಚಿತ್ರ ಕೀಲುಗಳಲ್ಲಿರುವ ಸಡಿಲವನ್ನು ತೋರಿಸದು. ಮೇಲಿನ ಲೆಕ್ಕದ ಎಂಜಿನ್ನಿನಲ್ಲಿ ಎಲ್ಲ ಪಿನ್ನುಗಳದ್ದೂ ಸೇರಿ 0.1 ಮಿ.ಮೀ. ಸಡಿಲವಿದ್ದರೆ ಲೀಡ್ ಅಷ್ಟನ್ನೂ ಅದೇ ನುಂಗುತ್ತದೆ. ಅದಕ್ಕಾಗಿ ಅಳತೆ ಮಾಡುವಾಗ ಫ್ಲೈವೀಲನ್ನು ಎಂಜಿನ್ ಓಡುವ ದಿಕ್ಕಿಗೇ ತಿರುಗಿಸುತ್ತಾರೆ. ಗುರುತು ದಾಟಿಹೋದರೆ ಅಷ್ಟೇ ಹಿಂದಕ್ಕೆ ತರದೆ, ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಮುಂದಕ್ಕೆ ಬರುತ್ತಾರೆ.