ತೋಟದ ಬೇಲಿಯೂ ದಾರಿಹೋಕನೂ

ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನಲ್ಲಿ, ಭೀಮಾನದಿಯ ದಕ್ಷಿಣದಂಡೆಯ ಮೇಲೆ ಅಗರಖೇಡವೆಂಬ ಗ್ರಾಮವಿರುವುದು. ಹೆಸರನ್ನು ಕೇಳಿದವರಿಗೆ ಅಗ್ರಹಾರವು ನೆನಪಾಗುವುದು ಸಹಜ. ಇದೇ ಹೊಳೆಯ ಮೇಲ್ಭಾಗದಲ್ಲಿ ಪಂಢರಾಪುರವಿರುವುದರಿಂದ ಕಾಲ್ನಡಿಗೆಯ ಯಾತ್ರಿಕರು ಈ ಸೀಮೆಗೆ ಹೊಸಬರಲ್ಲ. ಆದರೆ ಇತ್ತೀಚೆಗೆ ಬೇರೊಂದು ಬಗೆಯ ಪ್ರವಾಸಿಗರು ಕಾಣಿಸಿಕೊಳ್ಳುತ್ತಿರುವರು. ಇಂಡಿಯ ನಿಂಬೆಯೂ ವಿಜಯಪುರದ ದ್ರಾಕ್ಷೆಯೂ ಹೆಸರಾದ ಮೇಲೆ, 2007ರಲ್ಲಿ ಕರ್ನಾಟಕ ಸರಕಾರವು ದ್ರಾಕ್ಷೆಯ ಸಂಸ್ಕರಣ ಹಾಗೂ ದ್ರಾಕ್ಷಾರಸದ ನೀತಿಯನ್ನು ಹೊರಡಿಸಿದ ಮೇಲೆ, ತೋಟವನ್ನು ನೋಡಲೆಂದೇ ಪಟ್ಟಣದಿಂದ ಬರುವವರುಂಟು. ಬಂದವನು ಏನನ್ನು ಮುಟ್ಟಬಹುದು, ಏನನ್ನು ಮುಟ್ಟಲಾಗದು, ಎಷ್ಟು ಹೊತ್ತು ನಿಲ್ಲಬಹುದು ಎಂಬ ಪ್ರಶ್ನೆಯು ಇಂದಿನದೆಂದು ತೋರಬಹುದು. ವಾಸ್ತವವಾಗಿ ಅದು ಬಹು ಹಳೆಯದು.

ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಒಂದು ಚಿಕ್ಕ ವಿನಾಯತಿಯಿದೆ. ಬುತ್ತಿ ತೀರಿದ ದ್ವಿಜ ದಾರಿಹೋಕನು ಪರರ ಹೊಲದಿಂದ ಎರಡು ಕಬ್ಬನ್ನೂ ಎರಡು ಗಡ್ಡೆಗಳನ್ನೂ ತೆಗೆದುಕೊಂಡರೆ ದಂಡವಿಲ್ಲ. ಈ ವಿನಾಯತಿಯು ದ್ವಿಜನಿಗೆ ಮಾತ್ರ ದೊರೆತದ್ದು ಆ ಗ್ರಂಥದ ಸಂಕುಚಿತತೆ, ಹಸಿವಿಗೆ ವರ್ಣವೆಲ್ಲಿಯದು? ಆದರೆ ಲೆಕ್ಕವು ಮಾತ್ರ ಗಮನಾರ್ಹ: ಎರಡು, ಮೂರಲ್ಲ. ಯೆಹೂದ್ಯರ ಧರ್ಮೋಪದೇಶಕಾಂಡವು ದ್ರಾಕ್ಷೆಯ ತೋಟವನ್ನೇ ಹೆಸರಿಸಿ, ನೆರೆಯವನ ತೋಟವನ್ನು ಹೊಕ್ಕವನು ಹೊಟ್ಟೆತುಂಬ ಹಣ್ಣು ತಿನ್ನಬಹುದು, ಪಾತ್ರೆಯಲ್ಲಿ ಮಾತ್ರ ತುಂಬಿಕೊಳ್ಳಲಾಗದು ಎಂದು ವಿಧಿಸುತ್ತದೆ. ಒಬ್ಬರನ್ನೊಬ್ಬರು ಕಾಣದ ಈ ಎರಡು ದೇಶಗಳ ಶಾಸ್ತ್ರಕಾರರು ಹಸಿವಿಗೂ ಆಸೆಗೂ ನಡುವೆ ಗೆರೆಯೆಳೆದ ರೀತಿ ಎಷ್ಟು ಸಮಾನವಾಗಿದೆ! ಕೌಟಿಲ್ಯನ ಧೋರಣೆ ಇನ್ನೂ ಬಿಗಿಯಾದದ್ದು. ನಗರದ ಉಪವನಗಳಲ್ಲಿ ಫಲವೃಕ್ಷದ ಚಿಗುರನ್ನು ಮುರಿದವನಿಗೆ 6 ಪಣ, ಸಣ್ಣ ಕೊಂಬೆಗೆ 12, ದೊಡ್ಡ ಕೊಂಬೆಗೆ 24 ಪಣ ದಂಡವೆಂದು ಅವನು ಗೊತ್ತುಪಡಿಸಿರುವನು.

ಬಿಜಾಪುರದ ಅರಸರ ಕಾಲಕ್ಕೆ ಬಂದರೆ ಅತಿಥಿಯ ಕಥೆಯು ರಸವತ್ತಾಗುತ್ತದೆ. ಎರಡನೆಯ ಇಬ್ರಾಹಿಂ ಆದಿಲಶಹನ (1580–1627) ಮಗಳನ್ನು ಅಕಬರನ ಮಗನಾದ ದಾನಿಯಾಲನಿಗೆ ಕೊಡುವುದೆಂದು ನಿಶ್ಚಯವಾದಾಗ, ವಧುವನ್ನು ಕರೆತರಲು ಮೀರ್ ಜಮಾಲುದ್ದೀನ್ ಹುಸೇನನೆಂಬ ಸರದಾರನನ್ನು ಕಳುಹಿಸಲಾಯಿತು. ಆ ಮಹಾಶಯನು ವಿದ್ವಾಂಸನೇ ಸರಿ; ಪಾರಸಿ ಭಾಷೆಯ ಪ್ರಸಿದ್ಧ ನಿಘಂಟೊಂದನ್ನು ರಚಿಸಿದವನು. ಆದರೆ ಬಿಜಾಪುರದ ಉಪಚಾರವು ಅವನಿಗೆ ಎಷ್ಟು ಹಿಡಿಸಿತೆಂದರೆ ಹಿಂದಿರುಗುವ ಮಾತೇ ಹೊರಡಲಿಲ್ಲ. ಕೊನೆಗೆ ಅಕಬರನು ಅಸದ್ ಬೇಗನೆಂಬವನನ್ನು, ಅತಿಥಿಯನ್ನೂ ವಧುವನ್ನೂ ಎಬ್ಬಿಸಿಕೊಂಡು ಬರುವುದಕ್ಕಾಗಿ ಅಟ್ಟಬೇಕಾಯಿತು. ಇದು 1603–04ರ ಸಂಗತಿ.

ಅಸದ್ ಬೇಗನು ಬರೆದಿಟ್ಟ ವೃತ್ತಾಂತದಿಂದಲೇ ಅಂದಿನ ಬಿಜಾಪುರದ ಪೇಟೆಯು ನಮ್ಮ ಕಣ್ಣಿಗೆ ಕಟ್ಟುವಂತಿದೆ. ಅಂಗಡಿಗಳ ಮುಂದೆ ಹಸುರು ಮರಗಳು, ಬೀದಿಯು ಅಚ್ಚುಕಟ್ಟು, ಒಂದೆಡೆ ಬಗೆಬಗೆಯ ಹಣ್ಣುಗಳನ್ನು ಪೇರಿಸಿದ ಮಳಿಗೆ, ಇನ್ನೊಂದೆಡೆ ಸ್ಫಟಿಕದ ಸೀಸೆಗಳನ್ನೂ ಚೀಣೀ ಪಾತ್ರೆಗಳನ್ನೂ ಹೊಂದಿಸಿಟ್ಟ ಮದ್ಯದ ಅಂಗಡಿ. ಅವನು ಹಿಂದಿರುಗುವಾಗ ತಂಬಾಕನ್ನು ಕೊಂಡೊಯ್ದು ಅಕಬರನ ಮುಂದಿರಿಸಿದ ಕಥೆಯು ಪ್ರಸಿದ್ಧವಾಗಿದೆ. ಹಣ್ಣು, ಮದ್ಯ, ಹೊಗೆ, ಇವೆಲ್ಲವೂ ಕೈಗೆಟುಕುವ ಊರಿನಲ್ಲಿ ಅತಿಥಿಯು ಕಾಲವನ್ನು ಮರೆಯುವುದೇನೂ ಆಶ್ಚರ್ಯವಲ್ಲ. ಆತಿಥ್ಯದ ವೆಚ್ಚವನ್ನು ಹೊತ್ತವರು ಯಾರೆಂಬುದನ್ನು ಮಾತ್ರ ಇಂತಹ ವೃತ್ತಾಂತಗಳು ಹೇಳುವುದಿಲ್ಲ. ಅರಮನೆಯ ಹಣ್ಣಿನ ತಟ್ಟೆಯು ತುಂಬುವುದು ಹಳ್ಳಿಯ ಬಾವಿಯ ನೀರಿನಿಂದ.

ಈ ಸೀಮೆಯಲ್ಲಿ ನೀರೇ ಮುಖ್ಯ. ಎರೆಭೂಮಿಯು ಫಲವತ್ತಾದುದು, ಮಳೆಯು ನಂಬಿಕೆಯದಲ್ಲ. 1876–78ರ ಬರದಲ್ಲಿ ಅಂದು ಕಲಾದಗಿಯೆಂಬ ಹೆಸರಿದ್ದ ಈ ಜಿಲ್ಲೆಯು ಪಟ್ಟ ಪಾಡನ್ನು ಹಿರಿಯರ ಮಾತಿನಲ್ಲಿ ಕೇಳಿದವರು ಬಹಳ ಕಾಲದವರೆಗೂ ಇದ್ದರು. ಇಂತಹ ನೆಲದಲ್ಲಿ ಒಂದು ಹಣ್ಣಿನ ಗಿಡವೆಂದರೆ ವರ್ಷಗಟ್ಟಲೆ ಎತ್ತಿ ಹೊಯ್ದ ಕೊಡಗಳ ಲೆಕ್ಕವೇ ಹೊರತು ಬೇರೆಯಲ್ಲ.

ಕರೆಯದೆ ಬಂದ ಅತಿಥಿಯ ದೊಡ್ಡ ಉದಾಹರಣೆಯೆಂದರೆ ಔರಂಗಜೇಬನ ದಂಡು. 1686ರಲ್ಲಿ ಬಿಜಾಪುರವು ಅವನ ಕೈಸೇರಿತು. ದಂಡು ಮಾತ್ರ ಹಿಂದಿರುಗಲಿಲ್ಲ. 1695ರಲ್ಲಿ ಇಟಲಿಯ ಜೆಮೆಲ್ಲಿ ಕರೇರಿಯೆಂಬ ಪ್ರವಾಸಿಯು ಕೃಷ್ಣಾತೀರದ ಗಲಗಲಿಯಲ್ಲಿ ಆ ಪಾಳೆಯವನ್ನು ಕಂಡನು. ಅವನ ಲೆಕ್ಕದಲ್ಲಿ 60,000 ಕುದುರೆಸವಾರರು, 1,00,000 ಕಾಲಾಳುಗಳು, 50,000 ಒಂಟೆಗಳು, 3,000 ಆನೆಗಳು. ವರ್ತಕರೂ ಪರಿವಾರದವರೂ ಸೇರಿ ಐದು ಲಕ್ಷ ಜನ. ಅಂಕಿಗಳಲ್ಲಿ ಉತ್ಪ್ರೇಕ್ಷೆಯಿದ್ದರೂ ಇರಲಿ. ಅರ್ಧವೆಂದು ಹಿಡಿದರೂ ಯಾವ ಹಳ್ಳಿಯ ಮೇವು ಸಾಲಬೇಕು, ಯಾವ ತೋಟದ ಬೇಲಿ ನಿಲ್ಲಬೇಕು? ಅದೇ ವರ್ಷ ಪಾಳೆಯವು ಭೀಮೆಯ ದಂಡೆಗೆ, ಮಂಗಳವೇಡೆಯ ಬಳಿಯ ಬ್ರಹ್ಮಪುರಿಗೆ ಸರಿದು 1699ರ ವರೆಗೆ ಅಲ್ಲಿಯೇ ಬೀಡುಬಿಟ್ಟಿತು. ಅಗರಖೇಡದ ಮುಂದೆ ಹರಿಯುವ ನೀರು ಆ ಪಾಳೆಯವನ್ನು ದಾಟಿಯೇ ಬರಬೇಕಾಗಿತ್ತು.

ಎದುರುಪಕ್ಷದವರು ಈ ವಿಷಯದಲ್ಲಿ ಯೋಚಿಸಿದ್ದರೆಂಬುದಕ್ಕೆ ಆಧಾರವಿದೆ. ಶಿವಾಜಿಯು 1670ರ ದಶಕದಲ್ಲಿ ಚಿಪಳೂಣ ಪ್ರಾಂತದ ತನ್ನ ಅಧಿಕಾರಿಗಳಿಗೆ ಬರೆಯಿಸಿದ ಪತ್ರವೊಂದರಲ್ಲಿ, ರೈತನ ಧಾನ್ಯ ಹುಲ್ಲು ಕಾಯಿಪಲ್ಯಗಳಿಗೆ ಕೈಹಾಕದೆ ಬೇಕಾದುದನ್ನು ಹಣಕೊಟ್ಟು ಪೇಟೆಯಲ್ಲಿ ಕೊಳ್ಳಬೇಕೆಂದೂ, ಇಲ್ಲದಿದ್ದರೆ ರೈತನಿಗೆ ಮೊಗಲನೇ ವಾಸಿಯೆನಿಸುವುದೆಂದೂ ಎಚ್ಚರಿಸಲಾಗಿದೆ. ಮುಂದೆ ರಾಮಚಂದ್ರಪಂತ ಅಮಾತ್ಯನ ‘ಆಜ್ಞಾಪತ್ರ’ವು ಮರಗಳ ವಿಷಯವನ್ನೇ ಎತ್ತಿಕೊಳ್ಳುತ್ತದೆ. ಮಾವು ಹಲಸುಗಳು ಹಡಗಿಗೆ ಉಪಯುಕ್ತವಾದರೂ ಅವುಗಳನ್ನು ಮುಟ್ಟಲಾಗದು. ರೈತರು ಮಕ್ಕಳಂತೆ ಸಾಕಿದ ಮರಗಳವು. ತೀರ ಮುಪ್ಪಾದ ಮರವಿದ್ದರೆ ಒಡೆಯನನ್ನು ಒಪ್ಪಿಸಿ, ಬೆಲೆ ಕೊಟ್ಟು, ಆಮೇಲೆ ಕಡಿಯಬೇಕು. ಎಲ್ಲ ದಂಡುಗಳೂ ಎಲ್ಲ ಕಾಲದಲ್ಲಿಯೂ ಇದರಂತೆ ನಡೆದುವೆಂದು ಹೇಳುವುದು ಇತಿಹಾಸಕ್ಕೆ ವಿರುದ್ಧವಾದೀತು. ಆದರೂ ಒಡೆಯನ ಒಪ್ಪಿಗೆಯೆಂಬ ಮಾತು ರಾಜಶಾಸನದಲ್ಲಿ ಬಂದುದು ಸಣ್ಣ ಸಂಗತಿಯಲ್ಲ.

ಇಂದಿನ ಪ್ರವಾಸಿಯ ಕೈಯಲ್ಲಿ ಕತ್ತಿಯಿಲ್ಲ. ಅವನಿಂದಾಗುವ ಹಾನಿಯು ಬಹುಮಟ್ಟಿಗೆ ಅಜ್ಞಾನದ್ದು. ದ್ರಾಕ್ಷೆಯ ಬಳ್ಳಿಯನ್ನು ಏಪ್ರಿಲಿನಲ್ಲೊಮ್ಮೆ, ಅಕ್ಟೋಬರದ ಸುಮಾರಿಗೆ ಇನ್ನೊಮ್ಮೆ ಸವರುವರು. ಫೆಬ್ರುವರಿಯಿಂದ ಏಪ್ರಿಲಿನ ವರೆಗೆ ಕೊಯಿಲು. ಹಣ್ಣಿನ ಮೇಲಿರುವ ಬೂದಿಯಂತಹ ಮಸುಕು ಧೂಳಲ್ಲ, ಹಣ್ಣಿನದೇ ಮೇಣ. ಪೇಟೆಯಲ್ಲಿ ತಾಜಾತನದ ಗುರುತು. ಪಟ್ಟಣದವನು ಅದನ್ನು ಕೊಳೆಯೆಂದು ಭಾವಿಸಿ ಬೆರಳಿನಿಂದ ಒರೆಸಿ ನೋಡುವನು. ಆ ಗೊಂಚಲಿನ ಬೆಲೆ ಅಲ್ಲಿಗೆ ಇಳಿಯಿತು. ಔಷಧ ಸಿಂಪಡಿಸಿದ ದಿನವನ್ನು ಕೇಳದೆ ಹಣ್ಣನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುವುದು ಅವನಿಗೇ ಅಪಾಯ. ಒಣದ್ರಾಕ್ಷೆಯ ಚಪ್ಪರಗಳದು ಇನ್ನೂ ಸೂಕ್ಷ್ಮವಾದ ವಿಷಯ. ಸುಮಾರು ನಾಲ್ಕು ಕಿಲೋ ಹಸಿಹಣ್ಣು ಬಲೆಗಳ ಮೇಲೆ ನೆರಳಿನಲ್ಲಿ ಒಣಗಿ ಒಂದು ಕಿಲೋ ಆಗುವುದು. ಆ ದಿನಗಳಲ್ಲಿ ಅಂಟಂಟಾದ ಹಣ್ಣಿಗೆ ಕೂತ ಧೂಳು ಸುಲಭವಾಗಿ ಬಿಡದು. ಮಣ್ಣಿನ ದಾರಿಯಲ್ಲಿ ವೇಗದಿಂದ ಹಾಯ್ದ ಒಂದು ಮೋಟಾರು ಸಾಕು.

ಸಸ್ಯಗಳೊಡನೆ ಬರುವ ಕಣ್ಣಿಗೆ ಕಾಣದ ಅತಿಥಿಯೂ ಒಂದಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೇರಿಕದಿಂದ ತಂದ ಬಳ್ಳಿಗಳೊಡನೆ ಫಿಲಾಕ್ಸೆರವೆಂಬ ಸಣ್ಣ ಕೀಟವು ಫ್ರಾನ್ಸನ್ನು ಸೇರಿ, ಅಲ್ಲಿಯ ದ್ರಾಕ್ಷೆಯ ಬೇರುಗಳನ್ನು ಹೀರಿ ಯುರೋಪಿನ ತೋಟಗಳನ್ನು ಹಾಳುಗೆಡವಿತು. ಕೊನೆಗೆ ಅಮೇರಿಕದ ಬೇರಿನ ಮೇಲೆ ಯುರೋಪಿನ ಕೊಂಬೆಯನ್ನು ಕಸಿಕಟ್ಟಿ ಉಳಿಸಿಕೊಳ್ಳಬೇಕಾಯಿತು. ಕರ್ನಾಟಕದ ತೋಟಗಳಲ್ಲಿಯೂ ಉಪ್ಪುನೀರು ಬರಗಳನ್ನು ತಾಳುವುದಕ್ಕಾಗಿ ಡಾಗ್ರಿಜ್ ಎಂಬ ಅಮೇರಿಕದ ಬೇರನ್ನೇ ಬಳಸುವರು. ಹೀಗೆ ತನ್ನ ಸಂಗಡಿಗರಿಂದಾದ ನಷ್ಟವನ್ನು ಅತಿಥಿಯೇ ತುಂಬಿಕೊಟ್ಟಿತೆನ್ನಬಹುದು.

ಇಂಡಿಯ ನಿಂಬೆಯ ತೋಟಗಳಲ್ಲಿ ಗಿಡಕ್ಕೆ ಮುಳ್ಳಿರುವುದರಿಂದ ಬಂದವನ ಕೈ ತಾನಾಗಿಯೇ ಹಿಂಜರಿಯುತ್ತದೆ. ಮುಳ್ಳಿಲ್ಲದ ದ್ರಾಕ್ಷೆಯ ಬಳ್ಳಿಗೆ ಕಾವಲುಗಾರನು ಬೇಕು. ತೋಟದೊಡೆಯನ ಪರಿಪಾಠವೇನೋ ಸರಳವಾದುದು: ಬಾಗಿಲಲ್ಲಿ ನಿಂತು ಕೂಗಿ ಕೇಳಿದವನನ್ನು ಒಳಗೆ ಕರೆದು, ಕೊಡದ ನೀರು ಕೊಟ್ಟು, ಗೊಂಚಲೊಂದನ್ನು ತನ್ನ ಕೈಯಿಂದಲೇ ಕತ್ತರಿಸಿ ಕೊಡುವನು. ಹಾಗೆ ಕತ್ತರಿಸುವಾಗ ಅವನು ತೊಟ್ಟನ್ನು ಹಿಡಿಯುವನಲ್ಲದೆ ಹಣ್ಣನ್ನು ಮುಟ್ಟುವುದಿಲ್ಲ.