ಸಾಂಬಾರ್ ಈರುಳ್ಳಿ: ಇಳುವರಿ ಬೇಕಾದ್ರೆ ಮೊದಲು ಬಿತ್ತನೆ ಗಡ್ಡೆ, ಆಮೇಲೆ ತಿಪ್ಪೆ ನೋಡಿ

ಗುಂಡ್ಲುಪೇಟೆ: ಗುಂಡ್ಲುಪೇಟೆ, ಚಾಮರಾಜನಗರ ಭಾಗದಲ್ಲಿ ಬೆಳೆಯುವ ಸಾಂಬಾರ್ ಈರುಳ್ಳಿ ಹೆಚ್ಚಾಗಿ ಹೋಗೋದು ತಮಿಳುನಾಡು, ಕೇರಳಕ್ಕೆ. ಬೆಲೆ ರೈತರ ಕೈಲಿಲ್ಲ. ಬಿತ್ತನೆ ಮತ್ತು ಗೊಬ್ಬರದ ಖರ್ಚು ಮಾತ್ರ ಸ್ವಲ್ಪ ಮಟ್ಟಿಗೆ ಕೈಲಿದೆ.

ಎಕರೆಗೆ 400ರಿಂದ 600 ಕೆಜಿ ಬಿತ್ತನೆ ಗಡ್ಡೆ ಬೇಕು. ಕೆಜಿಗೆ 50 ರೂ. ಅಂತ ಹಿಡಿದರೂ 500 ಕೆಜಿಗೆ 25 ಸಾವಿರ ರೂ. ನೆಲಕ್ಕೆ ಹೋಯ್ತು. ಅದಕ್ಕೇ ಅಗ್ಗಕ್ಕೆ ಸಿಗುತ್ತೆ ಅಂತ ಈಗಷ್ಟೇ ಕಿತ್ತ ಗಡ್ಡೆ ತಂದು ನೆಡುವವರಿದ್ದಾರೆ. ಹೊಸ ಗಡ್ಡೆ ಒಂದೇ ಸಮನೆ ಮೊಳೆಯಲ್ಲ. ಗಾಳಿ ಆಡುವ ಜಾಗದಲ್ಲಿ ಸುಮಾರು ಎರಡು ತಿಂಗಳು ಇಟ್ಟ, ಮಧ್ಯಮ ಗಾತ್ರದ, ಬುಡ ಗಟ್ಟಿ ಇರುವ ಗಡ್ಡೆಯೇ ಆಗಬೇಕು. ಒತ್ತಿದರೆ ಮೆತ್ತಗಾಗುವುದು, ಬುಡದಲ್ಲಿ ಬಿಳಿ ಬೂಜು ಇರುವುದು ಬೇಡವೇ ಬೇಡ; ಬುಡ ಕೊಳೆ ರೋಗ ಹೊಲಕ್ಕೆ ಬರುವುದು ಹೆಚ್ಚಾಗಿ ಇದೇ ದಾರಿಯಲ್ಲಿ.

ತಳಿ ವಿಚಾರಕ್ಕೆ ಬಂದರೆ, ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಕೋ-4 ಗಡ್ಡೆ ನೆಟ್ಟು ಬೆಳೆಯುವ ತಳಿ, ಎರಡು ತಿಂಗಳು ದಾಟುತ್ತಿದ್ದಂತೆ ಕೊಯ್ಲಿಗೆ ಬರುತ್ತೆ. ಕೋ-5 ಬೀಜದಿಂದಲೂ ಬೆಳೆಯಬಹುದು. ಎಕರೆಗೆ ಸುಮಾರು ಒಂದು ಕೆಜಿ ಬೀಜ ಸಾಕು, ಆದರೆ ಬೆಳೆಗೆ 90 ದಿನ ಬೇಕು, ಸಸಿಮಡಿ ಕೆಲಸವೂ ಸೇರುತ್ತೆ. ವಿಶ್ವವಿದ್ಯಾಲಯ ಹೇಳುವ ಇಳುವರಿ ಎರಡಕ್ಕೂ ಎಕರೆಗೆ ಏಳು ಟನ್ ಮೇಲೆ. ಅದು ಒಳ್ಳೆ ನಿರ್ವಹಣೆಯ ಲೆಕ್ಕ, ಎಲ್ಲರ ಹೊಲದಲ್ಲೂ ಬರುತ್ತೆ ಅಂತಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಉಜ್ವಲ್ ಕೂಡ ಇದೇ ಜಾತಿ. ಬೆಂಗಳೂರು ರೋಸ್ ಈರುಳ್ಳಿ ಬೇರೆ. ಗಾತ್ರ ಚಿಕ್ಕದು ಅಷ್ಟೇ, ಒಂದು ಗಿಡಕ್ಕೆ ಒಂದೇ ಗಡ್ಡೆ. ಸಾಂಬಾರ್ ಈರುಳ್ಳಿ ಗೊಂಚಲಾಗಿ ಬರುತ್ತೆ.

ಈಗ ಗೊಬ್ಬರ. ಶಿಫಾರಸು ಎಕರೆಗೆ 10 ಟನ್ ಕೊಟ್ಟಿಗೆ ಗೊಬ್ಬರ, ಜತೆಗೆ 24 ಕೆಜಿ ಸಾರಜನಕ, 24 ಕೆಜಿ ರಂಜಕ, 12 ಕೆಜಿ ಪೊಟ್ಯಾಷ್. 10 ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಸುಮಾರು 50 ಕೆಜಿ ಸಾರಜನಕ ಇರುತ್ತೆ. ಹಾಗಂತ 70 ದಿನದ ಬೆಳೆಗೆ ಅಷ್ಟೂ ಸಿಗಲ್ಲ, ಮೊದಲ ಬೆಳೆಗೆ ದಕ್ಕೋದು ಒಂದು ಪಾಲು ಮಾತ್ರ. ಇನ್ನು ಅಂಗಡಿಯಲ್ಲಿ ಕೊಳ್ಳುವ ಎರೆಗೊಬ್ಬರ. ನೂರಕ್ಕೆ ಒಂದು ಪಾಲು ಸಾರಜನಕ ಇದ್ದರೆ 50 ಕೆಜಿ ಚೀಲದಲ್ಲಿ ಅರ್ಧ ಕೆಜಿ. ಹತ್ತು ಚೀಲ ಎರಚಿ 'ಸಾವಯವ ಮಾಡಿದೆ, ಇಳುವರಿ ಬರಲಿಲ್ಲ' ಅನ್ನುವವರು ಹಾಕಿರೋದು ಐದೇ ಕೆಜಿ! ಅಂಗಡಿಯವರೂ ಈ ಲೆಕ್ಕ ಹೇಳಿ ಮಾರಿದರೆ ಗಿರಾಕಿ ಉಳೀತಾರೆ.

ಗೊಬ್ಬರ ಪೂರ್ತಿ ಕಳಿತಿರಬೇಕು. ಹಸಿ ಸಗಣಿ, ಬಿಸಿ ಆರದ ಕೋಳಿ ಗೊಬ್ಬರ ಹಾಕಿದರೆ ಬೇರು ಸುಡುತ್ತೆ, ಗೊಣ್ಣೆಹುಳು, ಕಳೆ ಬೀಜ ಬೇರೆ. ಕಳಿತ ಗೊಬ್ಬರ ಕೈಗೆ ಪುಡಿಪುಡಿಯಾಗಿ ಸಿಗುತ್ತೆ, ಮಣ್ಣಿನ ವಾಸನೆ ಬರುತ್ತೆ. ಒಂದೆರಡು ಕೆಜಿ ಟ್ರೈಕೋಡರ್ಮಾವನ್ನು ಒಂದು ಕ್ವಿಂಟಲ್ ಕಳಿತ ಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿ ತೇವ ಆರದಂತೆ ವಾರ ಇಟ್ಟು ಹಾಕಿದರೆ ಬುಡ ಕೊಳೆಗೆ ತಡೆ. ಇದು ಜೀವ ಇರುವ ಪುಡಿ. ತಗಡಿನ ಶೀಟ್ ಕೆಳಗೆ ಬಿಸಿಲಿಗೆ ಬಿದ್ದ ಪ್ಯಾಕೆಟ್, ಅವಧಿ ಮುಗಿದ ಪ್ಯಾಕೆಟ್ ತಗೊಂಡ್ರೆ ದುಡ್ಡು ದಂಡ.

ಗಡ್ಡೆ ಕಟ್ಟುವ ಹೊತ್ತಲ್ಲಿ ಯೂರಿಯಾ ಸುರಿಯೋದು ಬೇಡ. ಎಲೆ ಹಸಿರಾಗುತ್ತೆ, ಕತ್ತು ದಪ್ಪಗಾಗುತ್ತೆ, ದಾಸ್ತಾನಿನಲ್ಲಿ ಕೊಳೆಯುತ್ತೆ. ಕೀಳುವ ಹತ್ತು ದಿನ ಮೊದಲು ನೀರು ನಿಲ್ಲಿಸಿ, ಎಲೆ ಬಿದ್ದ ಮೇಲೆ ಕಿತ್ತು ನೆರಳಲ್ಲಿ ಒಣಗಿಸಬೇಕು. ಮುಂದಿನ ಬೆಳೆಗೆ ಬೇಕಾದ ಗಡ್ಡೆಯನ್ನು ರೋಗ ಕಾಣದ ಸಾಲಿನಿಂದಲೇ ಆರಿಸಿ, ವ್ಯಾಪಾರಿ ಚೀಲ ಹೊಲಿಯುವ ಮೊದಲೇ ಎತ್ತಿಡಬೇಕು.