ಅವ್ವನ ಡೀಸೆಲ್ ಲೆಕ್ಕ

ಇತಿಹಾಸ ಕಲಿಸುವವರ ಮೇಲೆ ಮಕ್ಕಳಿಗೆ ಒಂದು ಸಿಟ್ಟು ಇದ್ದೇ ಇರುತ್ತದೆ, ಎಲ್ಲದಕ್ಕೂ ಇಸವಿ ಕೇಳುತ್ತಾರೆ ಎಂದು. "ಅಕ್ಕೋರ, ಯಾವಾಗ ಆದ್ರೇನ್ರಿ, ಆಗಿದ್ದಂತೂ ಖರೆ ಹೌದಲ್ರೀ?" ಎಂದು ಒಬ್ಬ ಹುಡುಗಿ ನನ್ನನ್ನೇ ಕೇಳಿದ್ದಳು. ಅವಳಿಗೆ ನಾನು ಬಾದಾಮಿಯ ಪುಲಿಕೇಶಿಯ ಕಥೆ ಹೇಳಲಿಲ್ಲ. ನನ್ನ ತಮ್ಮನ ಪಿಕಪ್ ಗಾಡಿಯ ಕಥೆ ಹೇಳಿದೆ. ನಿಮಗೂ ಅದನ್ನೇ ಹೇಳುತ್ತೇನೆ.

ನಮ್ಮದು ಬಾಗಲಕೋಟೆ. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ. ಆಗ ನಾನಿನ್ನೂ ಹುಟ್ಟಿರಲಿಲ್ಲ. ಅದರ ಹಿನ್ನೀರು ನಮ್ಮ ಓಣಿಯ ಬಾಗಿಲಿಗೆ ಬರುವ ಹೊತ್ತಿಗೆ ನಾನು ಶಾಲೆಯಲ್ಲಿ ಸೀಮೆಸುಣ್ಣ ಹಿಡಿದಿದ್ದೆ. ತಗ್ಗಿನ ಓಣಿಗಳು ಮುಳುಗಡೆಯಾದವು. ನಾವು ನವನಗರಕ್ಕೆ ಬಂದೆವು. ಪರಿಹಾರದ ಹಣದಲ್ಲಿ ಮನೆ ಕಟ್ಟಿ ಉಳಿದದ್ದಕ್ಕೆ ತಮ್ಮ ಒಂದು ಹಳೆಯ ಡೀಸೆಲ್ ಪಿಕಪ್ ಕೊಂಡ. "ನಿಮ್ಮಜ್ಜನ ಮನಿ ಗಾಲಿ ಮ್ಯಾಲ ನಿಂತತು, ನೋಡು" ಎಂದು ಅವ್ವ ಅದಕ್ಕೆ ಕುಂಕುಮ ಹಚ್ಚಿದಳು.

ಆರು ತಿಂಗಳಿಗೆ ಗಾಡಿ ಕಾಟ ಕೊಡತೊಡಗಿತು. ಏರು ಬಂದರೆ ಎಳೆಯದು, ಜಗ್ಗಿ ಜಗ್ಗಿ ಬಂದ್ ಬೀಳುವುದು. ಡೀಸೆಲ್ ಫಿಲ್ಟರ್ ಬದಲಾಯಿಸಿದ್ದಾಯಿತು. ಒಂದು ಗ್ಯಾರೇಜಿನವರು "ಪಂಪೇ ಹೋಗೇತಿ" ಎಂದರು. ಅವ್ವ ತನ್ನ ಪಾಟ್ಲಿಗಳನ್ನು ಒತ್ತೆಯಿಡಲು ಕೊಟ್ಟಳು. ಪಂಪು, ನೋಝಲ್ ಎಲ್ಲ ರಿಪೇರಿಯಾಗಿ ಬಂದವು. ಟಾಕಿ ತುಂಬಿಸಿ ಹೊರಟ ಗಾಡಿ ಒಂದು ವಾರ ಚೆನ್ನಾಗಿ ಓಡಿ ಮತ್ತೆ ನಿಂತಿತು.

ಬಂಗಾರ ನುಂಗಿದ ಈ ಪಂಪು ಎಂದರೇನೆಂದು ನಾನು ಆಮೇಲೆ ಓದಿ ತಿಳಿದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸಿ ಬೆಂಕಿ ಹೊತ್ತಿಸುತ್ತಾರೆ. ಡೀಸೆಲ್ಲಿನಲ್ಲಿ ಕಿಡಿಯೇ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಕೆಂಡದಂತೆ ಕಾಯಿಸಿ, ಅದರೊಳಗೆ ಎಣ್ಣೆಯನ್ನು ಮಂಜಿನಂತೆ ಸಿಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ ಇದನ್ನು 1897ರಲ್ಲಿ ಆಗ್ಸ್‌ಬರ್ಗ್ ಊರಿನಲ್ಲಿ ನಡೆಸಿ ತೋರಿಸಿದ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂಥದೊಂದು ಎಂಜಿನ್ ಶೇಂಗಾ ಎಣ್ಣೆಯಿಂದ ಓಡಿತಂತೆ. ನಾವು ಹೋಳಿಗೆಗೆ ಬಳಸುವ ಶೇಂಗಾ! ಆದರೆ ಎಣ್ಣೆಯನ್ನು ಸಿಡಿಸಲು ಆಗ ಗಾಳಿ ಒತ್ತುವ ದೊಡ್ಡ ಯಂತ್ರ ಬೇಕಿತ್ತು, ಹಾಗಾಗಿ ಎಂಜಿನ್ ರಸ್ತೆಗೆ ಇಳಿಯುವಂತಿರಲಿಲ್ಲ. 1913ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಡೀಸೆಲ್ ಕಾಣೆಯಾದ; ಅವನ ಎಂಜಿನ್ ಲಾರಿಗಳಲ್ಲಿ ಕೂತದ್ದನ್ನು ಅವನು ನೋಡಲಿಲ್ಲ. ಎಣ್ಣೆಯನ್ನೇ ಅಳೆದು ಒತ್ತಿ ಕಳಿಸುವ ಪುಟ್ಟ ಪಂಪನ್ನು ರಾಬರ್ಟ್ ಬಾಷ್‌ನ ಕಾರ್ಖಾನೆ 1927ರಿಂದ ದೊಡ್ಡ ಪ್ರಮಾಣದಲ್ಲಿ ಮಾಡತೊಡಗಿದ ಮೇಲೆ ಡೀಸೆಲ್ ಲಾರಿಗಳಿಗೆ ದಾರಿ ತೆರೆಯಿತು. 1951ರಲ್ಲಿ ಬೆಂಗಳೂರಿನಲ್ಲಿ ಮೈಕೋ ಶುರುವಾಗಿ ಇಂಥ ಪಂಪುಗಳು ನಮ್ಮಲ್ಲೇ ತಯಾರಾದವು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದ ಡೀಸೆಲ್ ಎಂಜಿನ್‌ಗಳು ಅಷ್ಟರಲ್ಲಿ ಬಾವಿಗಳ ದಂಡೆಗೆ ಬಂದಿದ್ದವು.

ಈ ಪಂಪಿಗೆ ಒಂದೇ ಶತ್ರು ಅಲ್ಲ, ಮೂರು: ಕಸ, ನೀರು, ಗಾಳಿ. ಡೀಸೆಲ್ ಒತ್ತಿದರೆ ಕುಗ್ಗುವುದಿಲ್ಲ, ಒತ್ತಡ ನೇರ ನೋಝಲ್‌ಗೆ ಮುಟ್ಟುತ್ತದೆ. ನಡುವೆ ಗಾಳಿಯ ಗುಳ್ಳೆ ಸೇರಿತೋ, ಒತ್ತಿದಷ್ಟೂ ಗುಳ್ಳೆಯೇ ಕುಗ್ಗುತ್ತದೆ. ನೋಝಲ್ ಬಾಯಿ ತೆರೆಯುವುದಿಲ್ಲ, ಗಾಡಿ ನಿಲ್ಲುತ್ತದೆ. ಪಂಪಿನ ತಪ್ಪಿಲ್ಲ; ಅದಕ್ಕೆ ಉಣ್ಣಲು ಸಿಕ್ಕಿಲ್ಲ, ಅಷ್ಟೆ.

ಇದು ನಮಗೆ ತಿಳಿದದ್ದು 2001ರ ಬನಶಂಕರಿ ಜಾತ್ರೆಯ ಹೊತ್ತಿಗೆ. ಅವ್ವನೂ ನಾನೂ ಇಳಕಲ್ಲಿನ ಸೋದರತ್ತೆಯ ಮನೆಗೆ ಹೋಗಿದ್ದೆವು. ತಮ್ಮ ಅಲ್ಲಿಂದ ಸೀರೆಯ ಗಂಟುಗಳನ್ನು ಹೇರಿಕೊಂಡು ಬಾದಾಮಿಗೆ ಹೊರಟಿದ್ದ; ನಾವೂ ಹತ್ತಿಕೊಂಡೆವು. ಜಾತ್ರೆಯ ಅಂಗಡಿಗೆ ಅವತ್ತೇ ಮಾಲು ಮುಟ್ಟಬೇಕು, ಇಲ್ಲವಾದರೆ ಮುಂದೆ ಆ ವ್ಯಾಪಾರಿ ಬಾಡಿಗೆ ಕೊಡುವುದಿಲ್ಲ. ಹುನಗುಂದ ದಾಟುವ ಮೊದಲೇ ಗಾಡಿ ಕೆಮ್ಮಿ ನಿಂತಿತು. ತಮ್ಮ ಸ್ಟೇರಿಂಗಿಗೆ ಹಣೆ ಹಚ್ಚಿ ಕೂತುಬಿಟ್ಟ.

ಯಾರೋ ಊರೊಳಗಿನಿಂದ ಒಬ್ಬ ಮುದುಕ ಮಿಸ್ತ್ರಿಯನ್ನು ಕರೆತಂದರು. ಆತ ಫಿಲ್ಟರ್ ಮೇಲಿನ ಸಣ್ಣ ತಿರುಪು ಸಡಿಲಿಸಿ ಕೈಪಂಪು ಒತ್ತಿದ. ಬುಸುಬುಸು ನೊರೆ ಬಂತು.

"ಗಾಳಿ ಎಳ್ಯಾಕತ್ತೈತಿ. ಟಾಕಿ ತುಂಬಿದ್ದಾಗ ನಿಲ್ತೈತೇನು, ಡೀಸೆಲ್ ಕಡಿಮಿ ಆದ ಮ್ಯಾಲ ನಿಲ್ತೈತೇನು?"

ತಮ್ಮನಿಗೆ ಗೊತ್ತಿರಲಿಲ್ಲ. ಆಗ ಅವ್ವ ಚೀಲದಿಂದ ತನ್ನ ಲೆಕ್ಕದ ವಹಿ ತೆಗೆದಳು. ಎರಡನೇ ಇಯತ್ತೆ ಓದಿದ ಅವ್ವ ಗಾಡಿ ಬಂದ ದಿನದಿಂದ ಬಾಡಿಗೆ, ಡೀಸೆಲ್, ಖರ್ಚು ಎಲ್ಲವನ್ನೂ ತಾರೀಖು ಹಾಕಿ ಬರೆದಿಟ್ಟಿದ್ದಳು. ನಾನು ಗಟ್ಟಿಯಾಗಿ ಓದಿದೆ. "ಗಾಡಿ ನಿಂತಿತು" ಎಂಬ ಸಾಲು ಐದು ಕಡೆ ಇತ್ತು. ಐದೂ ಸಲ ಅದರ ಕೆಳಗಿನ ಸಾಲು: "ಡೀಸೆಲ್ ಹಾಕಿಸಿದ್ದು". ಟಾಕಿ ಅರ್ಧಕ್ಕಿಂತ ಕೆಳಗಿಳಿದಾಗಲೇ ಗಾಡಿ ನಿಲ್ಲುತ್ತಿತ್ತು!

ಮಿಸ್ತ್ರಿ ನಕ್ಕ. "ಯವ್ವಾ, ನೀನ ಅರ್ಧಾ ರಿಪೇರಿ ಮಾಡೀದಿ."

ಆತ ಟಾಕಿಯ ನಳಿಗೆ ಬಿಚ್ಚಿ, ಪಂಪಿನ ಕಡೆಯ ಕೊಳವೆಯನ್ನು ಒಂದು ಕ್ಯಾನಿನ ಸ್ವಚ್ಛ ಡೀಸೆಲ್ಲಿನೊಳಗೆ ಬಿಟ್ಟ. ಗಾಳಿ ತೆಗೆದು ಚಾಲೂ ಮಾಡಿದರೆ ಎಂಜಿನ್ ಒಂದೇ ಸಮನೆ ಓಡಿತು. ಅಂದರೆ ಪಂಪು, ನೋಝಲ್ ಸರಿ ಇವೆ. ದೋಷ ಟಾಕಿಯ ಕಡೆಗೇ. ಟಾಕಿಯೊಳಗಿನ ನಳಿಗೆ ಹೊರತೆಗೆದರೆ ಅದರ ನಡುಮಧ್ಯದಲ್ಲಿ ಕೂದಲೆಳೆಯಷ್ಟು ಬಿರುಕು. ಅದು ಡೀಸೆಲ್ಲಿನಲ್ಲಿ ಮುಳುಗಿರುವವರೆಗೆ ತೊಂದರೆಯಿಲ್ಲ. ಮಟ್ಟ ಇಳಿದೊಡನೆ, ಸೀಳಿದ ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗೆ, ಬರೀ ಗಾಳಿ. ಗ್ಯಾರೇಜಿನಿಂದ ಟಾಕಿ ತುಂಬಿಸಿ ಹೊರಟಾಗ ಸರಿ ಓಡುತ್ತಿದ್ದುದೂ ಇದಕ್ಕೇ.

ಬೆಸುಗೆಗೆ ತಗುಲಿದ್ದು ಪಾಟ್ಲಿಯ ಒಂದು ತಿಂಗಳ ಬಡ್ಡಿಗಿಂತ ಕಡಿಮೆ. ದೀಪ ಹಚ್ಚುವ ಹೊತ್ತಿಗೆ ಅಮೀನಗಡದ ಮೇಲೆ ಹಾದು ಬಾದಾಮಿ ಮುಟ್ಟಿದೆವು. ಸೀರೆಗಳು ಅಂಗಡಿ ಸೇರಿದವು, ಬಾಡಿಗೆ ಉಳಿಯಿತು. ಪಾಟ್ಲಿ ಬಿಡಿಸಲು ಮಾತ್ರ ಎರಡು ವರ್ಷ ಹಿಡಿಯಿತು.

ಈಗಿನ ಪಿಕಪ್‌ಗಳು ಬೇರೆ. ಕಾಮನ್ ರೈಲ್ ಎಂಬ ವ್ಯವಸ್ಥೆಯಲ್ಲಿ ಒತ್ತಡ ವಾತಾವರಣದ ಸಾವಿರ ಪಟ್ಟಿಗೂ ಮಿಕ್ಕಿರುತ್ತದೆ. ಅದರ ಪೈಪಿನ ನಟ್ಟು ಸಡಿಲಿಸಿದರೆ ಎಣ್ಣೆಯ ಎಳೆ ಚರ್ಮ ಸೀಳಿ ಒಳಹೊಕ್ಕೀತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಗಾಡಿಗಳ ದೋಷವನ್ನು ಕಂಪ್ಯೂಟರ್ ಹಚ್ಚಿ ಓದುತ್ತಾರೆ. ಆದರೂ ಬಲ್ಲ ಮಿಸ್ತ್ರಿ ಮೊದಲು ಕೇಳುವುದು ಅದನ್ನೇ: ಯಾವಾಗ ನಿಂತಿತು?

ಅವ್ವ ಈಗಿಲ್ಲ. ವಹಿ ನನ್ನ ಬಳಿ ಇದೆ. ಪಾಟ್ಲಿ ಒತ್ತೆಯಿಟ್ಟ ದಿನದ ಲೆಕ್ಕವೂ ಅದರಲ್ಲಿದೆ. ಅದೇ ಪುಟದಲ್ಲಿ, ನಾಲ್ಕು ಸಾಲು ಮೇಲೆ, "ಗಾಡಿ ನಿಂತಿತು, ಡೀಸೆಲ್ ಹಾಕಿಸಿದ್ದು" ಎಂದಿದೆ. ಗಾಡಿಯ ವಿಷಯ ಹೆಂಗಸರಿಗೇನು ಗೊತ್ತು ಎಂದು ಅವಳನ್ನು ಅವತ್ತು ಯಾರೂ ಕೇಳಲಿಲ್ಲ. ಇಸವಿ ಕಲಿಸುವ ನಾನೂ ಕೇಳಲಿಲ್ಲ.